ಮೀನಿನ ಮುಳ್ಳು

ಸೋಮವಾರ ನಸುಕಿಗೆ ಮುಹು ದ್ವೀಪದ ಬಂದರಿನಲ್ಲಿ
ಗೇಟು ಏಳಲಿಲ್ಲ.
ಇಪ್ಪತ್ತಮೂರು ವಾಹನ, ಹಾಲಿನ ಲಾರಿ ಒಂದು,
ಗಾಡಿಯ ಹಿಂಬದಿಗೆ ಹೊಸ ಶವಪೆಟ್ಟಿಗೆ ಕಟ್ಟಿಕೊಂಡ ಬಡಗಿ ಅರ್ವೊ.
ಹನ್ನೊಂದಕ್ಕೆ ಆಚೆ ದಡದಲ್ಲಿ ಮಣ್ಣು.
ಟಿಕೆಟ್ಟು ಎಲ್ಲರ ಕೈಯಲ್ಲೂ ಇತ್ತು.
ಹಡಗು ತನ್ನ ಹೊತ್ತಿಗೆ ಖಾಲಿಯೇ ಹೊರಟುಹೋಯಿತು.

ಶುಕ್ರವಾರ, ಟಾಲಿನ್. ಮೂರನೇ ಮಹಡಿ.
ಎರಡು ವಾರದ ಓಟ ಮುಗಿಸಿದ ತಂಡ
ಹಿಂತಿರುಗಿ ನೋಡಲು ಕೂತಿದೆ.
ಕಪ್ಪು ರೊಟ್ಟಿಯ ಮೇಲೆ ಉಪ್ಪುಮೀನು, ಆರಿದ ಕಾಫಿ,
ಒಬ್ಬರ ಮುಖ ಒಬ್ಬರಿಗೆ ಬೀಳದ ಹಾಗೆ ಕುರ್ಚಿಗಳು.
ಊರ್ವೆ ಬಿಳಿ ಹಲಗೆಗೆ ಒಂದು ಗೆರೆ ಎಳೆದಳು, ತಲೆ ಬರೆದಳು,
ತಲೆಯೊಳಗೆ: ಗೇಟು ಏಳಲಿಲ್ಲ.
ಬೆನ್ನೆಲುಬಾಯಿತು. ಇನ್ನು ಮುಳ್ಳು ಹಚ್ಚಬೇಕು.

ಯಾಕೆ?
ಯಂತ್ರ ಟಿಕೆಟ್ಟನ್ನು ನಂಬಲಿಲ್ಲ.
ಯಾಕೆ ನಂಬಲಿಲ್ಲ?
ನಂಬಿಕೆಗೊಂದು ಸರ್ಟಿಫಿಕೇಟು, ಅದಕ್ಕೊಂದು ಅವಧಿ;
ಭಾನುವಾರ ನಡುರಾತ್ರಿಗೆ ತೀರಿತು.
ನೆನಪೋಲೆ ಬರಲಿಲ್ಲವೆ?
ಬಂತು. ಮೂವತ್ತು ಸಲ ಬಂತು,
ಮಾರಿಕಾಳ ಅಂಚೆಗೆ. ಮಾರಿಕಾ ಏಪ್ರಿಲ್ಲಿನಿಂದ
ಹೆರಿಗೆ ರಜೆಯಲ್ಲಿ.

ಇಲ್ಲಿ ನಾಲಗೆ ಜಾರುತ್ತದೆ.
ಅವರ ಭಾಷೆಯಲ್ಲಿ ಹೇಗೋ ಕಾಣೆ,
ನಮ್ಮಲ್ಲಿ ಯಾಕೆ, ಯಾರು ಎರಡೂ ಒಂದೇ ಬಾಗಿಲಿಂದ ಹೊರಡುತ್ತವೆ.
'ಯಾ' ಎಂದು ತೆರೆದಾಗ
ಎತ್ತ ಹೋಗುತ್ತೇನೆಂದು ಬಾಯಿಗೇ ಗೊತ್ತಿರುವುದಿಲ್ಲ.
ತೈವೊ ಅಂದೇಬಿಟ್ಟ: ಹಾಗಾದರೆ ಅವಳದೇ.
ಎದುರಿಗಿಲ್ಲದವಳ ತಪ್ಪು ಎಷ್ಟು ಹಗುರ!
ಕೋಣೆ ಉಸಿರು ಬಿಟ್ಟಿತು.
ಒಬ್ಬಿಬ್ಬರು ಚೀಲ ಎಳೆದುಕೊಂಡರು, ಮನೆಗೆ ಹೊರಡುವವರಂತೆ.

ಹಲಗೆಯ ಮೇಲಿನ ಹೆಸರನ್ನು
ಊರ್ವೆ ಅಂಗೈಯಲ್ಲೇ ಒರೆಸಿದಳು.
ಅಂಗೈ ನೀಲಿಯಾಯಿತು.
ಒಬ್ಬಳಿಗೇ ಯಾಕೆ ಬರುತ್ತಿತ್ತು, ಓಲೆ?

ಆರು ವರ್ಷ ಅವಳೊಬ್ಬಳೇ ನೋಡಿಕೊಂಡದ್ದು, ಅಂದ ರುಸ್ಲಾನ್.
ಬೇರೆಯವರಿಗೆ ವಹಿಸಿ ಎಂದು ಅವಳೇ ಚೀಟಿ ಬರೆದಿದ್ದಳು.
ಹಳದಿ ಚೀಟಿ. ಗೋಡೆಯ ಮೇಲೆ ಇರಬೇಕು, ನೋಡಿ.
ಇತ್ತು. ಹನ್ನೊಂದು ಸಲ ಕಿತ್ತು, ಹನ್ನೊಂದು ಸಲ ಅಂಟಿಸಿ,
ಗೋಂದು ಸತ್ತು, ಪಿನ್ನು ಚುಚ್ಚಿಸಿಕೊಂಡು.
ಹದಿನೈದು ದಿನಕ್ಕೊಮ್ಮೆ ನಾವೇ ಅಂದದ್ದು:
ಮುಂದಿನ ಸಲ.

ಮುಂದಿನ ಸಲ, ಯಾಕೆ?

ಹೀಟರು ಗುಂಯ್‌ಗುಟ್ಟಿತು.
ಕೆಡದಿರುವುದಕ್ಕೆ ಈ ಕೋಣೆಯಲ್ಲಿ ಬಾಯಿಲ್ಲ, ಅಂದ ರುಸ್ಲಾನ್.
ಅದಕ್ಕೆ ಸೊನ್ನೆ ಅಂಕ ಕೊಟ್ಟವನು ನಾನು, ಅಂದ ತೈವೊ,
ಮೀನಿನ ತಟ್ಟೆಗೆ ಹೇಳಿದಂತೆ.
ಬಂದು ಎರಡು ತಿಂಗಳಾದ ಲೀಸ್
ಸ್ವೆಟರಿನ ತೋಳು ಬೆರಳ ತನಕ ಎಳೆದುಕೊಂಡು, ಮೆಲ್ಲಗೆ:
ಮೊದಲ ವಾರವೇ ಕೇಳಿದ್ದೆ, ಈ ವಿಳಾಸ ಯಾರದು ಅಂತ.
ನೀವೆಲ್ಲ ಗಡಿಯಾರ ನೋಡುತ್ತಿದ್ದಿರಿ.

ಆ ಮುಳ್ಳನ್ನು ಯಾರೂ ಉಗುಳಲಿಲ್ಲ,
ನುಂಗಲೂ ಇಲ್ಲ.

ಐದು ಯಾಕೆ ಸಾಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.
ಆರನೆಯದಕ್ಕೆ ಹಲಗೆಯ ಮೇಲೆ ಜಾಗವಿರಲಿಲ್ಲ;
ಊರ್ವೆ ಅದನ್ನು ಚೌಕಟ್ಟಿನ ಮರದ ಮೇಲೆ ಬರೆದಳು.
ಬೇರೆಂದರೆ ಒಂದೇ ಗಡ್ಡೆ, ಹಿಡಿದೆಳೆದರೆ ಬರುತ್ತದೆ
ಅಂದುಕೊಂಡಿದ್ದರು. ಎಳೆದರೆ ಗರಿಕೆ:
ಒಂದು ಕುರ್ಚಿಯ ಕೆಳಗಿಂದ ಮತ್ತೊಂದರ ಕೆಳಗೆ,
ಊರ್ವೆಯ ಕಾಲಡಿಗೂ.

ಕೊನೆಗೆ ಉಳಿದದ್ದು ಎರಡು ಸಾಲು.
ಓಲೆ ಇನ್ನು ಮೂವರಿಗೆ, ಗೋಡೆಗೂ.
ಶುಕ್ರವಾರದ ಮೊದಲ ಮಾತು ಹೊಸಬರದು.
ಇಷ್ಟಕ್ಕೆ ಎರಡು ಗಂಟೆಯೆ, ಎಂದು ಯಾರೋ ಗೊಣಗಿದರು.
ಯಾರು ಅಂತ ಯಾರೂ ತಿರುಗಿ ನೋಡಲಿಲ್ಲ.

ಸಂಜೆ ಊರ್ವೆ ಬಡಗಿಗೆ ಫೋನು ಮಾಡಿದಳು.
ಮಣ್ಣು ಎರಡಕ್ಕೆ ಆಯಿತಂತೆ. ಪೆಟ್ಟಿಗೆ ಬರುವ ತನಕ
ಜನ ಚರ್ಚಿನ ಅಂಗಳದಲ್ಲಿ ನಿಂತೇ ಇದ್ದರಂತೆ, ಟೋಪಿ ಕೈಯಲ್ಲಿ ಹಿಡಿದು.
ಯಾರು ಮಾಡಿದ್ದು? ಅಂದ ಅರ್ವೊ.
ಯಾಕಾಯಿತು ಅಂತ ಹೇಳುತ್ತೇನೆ, ಅಂದಳು.
ಅದು ನಿಮಗಿರಲಿ. ಈ ಸೋಮವಾರ ಏಳುತ್ತದೋ ಇಲ್ಲವೋ?
ಏಳುತ್ತದೆ.

ದೀಪ ಅರ್ಧ ಆರಿಸಿದ ಕೋಣೆಯಲ್ಲಿ ಲೀಸ್
ಕೋಟು ಹಾಕಿಕೊಂಡೇ ಗೋಡೆಯ ಹತ್ತಿರ ನಿಂತಿದ್ದಾಳೆ,
ಪಿನ್ನು ಚುಚ್ಚಿದ ಚೀಟಿಗಳನ್ನು ಎಣಿಸುತ್ತ.
ಇನ್ನೂ ನಾಲ್ಕು.